ಎಚ್‌ಎಂಟಿ ಜನತಾ ದಿನಕ್ಕೆ 20 ನಿಮಿಷ ಮುಂದೆ ಓಡುತ್ತಿದೆ, ಕೀ ಜಾಸ್ತಿ ಕೊಟ್ಟಿದ್ದಕ್ಕಾ?

ಬೆಣ್ಣೆದೋಸೆ77

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಎಚ್‌ಎಂಟಿ ಜನತಾ ಇದೆ, ಕೈಯಲ್ಲಿ ಕೀ ಕೊಡುವ ವಾಚು. ಡಯಲ್ ಮೇಲೆ 17 ಜ್ಯುವೆಲ್ಸ್, ಪ್ಯಾರಾ ಶಾಕ್ ಎಂದು ಬರೆದಿದೆ. ಮೊದಲು ದಿನಕ್ಕೆ ಅರ್ಧ ನಿಮಿಷ ಆಚೀಚೆ ಆಗುತ್ತಿತ್ತು, ನನಗೆ ಅಷ್ಟು ಸಾಕಿತ್ತು. ಇತ್ತೀಚೆಗೆ ಸರ್ವಿಸ್‌ಗೆ ಕೊಟ್ಟೆ. ತಂದ ಮೇಲೆ ದಿನಕ್ಕೆ ಹತ್ತಿರ ಹತ್ತಿರ 20 ನಿಮಿಷ ಮುಂದೆ ಓಡುತ್ತಿದೆ. ವಾಪಸ್ ಹೋಗಿ ಕೇಳಿದರೆ "ನೀವು ಕೀ ಫುಲ್ ಟೈಟ್ ಮಾಡ್ತೀರಿ, ಅದಕ್ಕೇ ಸ್ಪೀಡ್ ಜಾಸ್ತಿ, ಅರ್ಧ ಕೊಡಿ ಸಾಕು" ಎಂದರು. ಅರ್ಧ ಕೊಟ್ಟು ನೋಡಿದೆ. ಮುಂದೆ ಓಡುವುದು ನಿಲ್ಲಲಿಲ್ಲ, ಬೆಳಗಾಗುವಷ್ಟರಲ್ಲಿ ವಾಚೇ ನಿಂತಿತ್ತು. ಕೀ ಜಾಸ್ತಿ ಕೊಟ್ಟರೆ ವಾಚು ನಿಜಕ್ಕೂ ಜೋರಾಗಿ ಓಡುತ್ತದಾ? ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಶಿರಸಿ_ಅಡಿಕೆ

ಹಿಂದಿನ ಮುಚ್ಚಳ ತೆಗೆದರೆ ಒಂದು ಸಣ್ಣ ಕಡ್ಡಿ ಕಾಣುತ್ತದೆ ಗುರು, ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತು ಇರುತ್ತದೆ. ಮೈನಸ್ ಕಡೆ ತಳ್ಳಿ. ಐದು ನಿಮಿಷದ ಕೆಲಸ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಮೆಕ್_ಮೇಷ್ಟ್ರು

ಕಡ್ಡಿ ಮುಟ್ಟುವ ಮುಂಚೆ ಸ್ವಲ್ಪ ತಾಳಿ. ಆ ಕಡ್ಡಿ ಇರುವುದು ದಿನಕ್ಕೆ ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ ಸರಿ ಮಾಡುವುದಕ್ಕೆ. ಚೆನ್ನಾಗಿ ಓಡುತ್ತಿದ್ದ ವಾಚು ಏಕಾಏಕಿ 20 ನಿಮಿಷ ಮುಂದೆ ಓಡಿದರೆ ಅದು ಕಡ್ಡಿಯ ವಿಷಯ ಅಲ್ಲ, ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ.

ವಾಚಿನೊಳಗೆ ಎರಡು ಬೇರೆ ಬೇರೆ ಸ್ಪ್ರಿಂಗ್ ಇವೆ. ಇದನ್ನು ಮೊದಲು ಬಿಡಿಸಿಕೊಂಡರೆ ಉಳಿದದ್ದೆಲ್ಲ ಸಲೀಸು. ಒಂದು ಮೇನ್ ಸ್ಪ್ರಿಂಗ್. ಅದು ಕೊಡುವುದು ಶಕ್ತಿ ಮಾತ್ರ. ಇನ್ನೊಂದು ಹೇರ್ ಸ್ಪ್ರಿಂಗ್. ಅದು ಬ್ಯಾಲೆನ್ಸ್ ವೀಲ್ ಅನ್ನುವ, ಆಚೀಚೆ ತಿರುಗುವ ಚಕ್ರದ ಜೊತೆ ಸೇರಿ ಹೊತ್ತು ಅಳೆಯುತ್ತದೆ. ಮೊದಲನೆಯದನ್ನು ನೀವು ದಿನಾ ಸುತ್ತುತ್ತೀರಿ, ಎರಡನೆಯದನ್ನು ಯಾರೂ ಸುತ್ತುವುದಿಲ್ಲ. ಅಂಗಡಿಯವರು ಇವೆರಡನ್ನೂ ಒಂದೇ ಮಾಡಿ ನಿಮಗೆ ಹೇಳಿದ್ದಾರೆ.

ಕೀ ತಿರುಗಿಸಿದಾಗ ಏನಾಗುತ್ತದೆ ನೋಡಿ. ಬ್ಯಾರೆಲ್ ಅಂತ ಒಂದು ಚಪ್ಪಟೆ ಡಬ್ಬಿ, ಅದರ ಅಂಚಿನ ಸುತ್ತ ಹಲ್ಲು. ಡಬ್ಬಿಯೊಳಗೆ ಉದ್ದನೆಯ ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಪಟ್ಟಿಯ ಹೊರತುದಿ ಡಬ್ಬಿಯ ಗೋಡೆಗೆ ಸಿಕ್ಕಿಕೊಂಡಿರುತ್ತದೆ, ಒಳತುದಿ ನಡುವಿನ ಕಂಬಕ್ಕೆ. ಕೀ ಕೊಟ್ಟಾಗ ಕಂಬ ತಿರುಗಿ ಪಟ್ಟಿ ಬಿಗಿಯುತ್ತದೆ. ಅದು ತಕ್ಷಣ ಬಿಚ್ಚಿಕೊಳ್ಳದಂತೆ ಕ್ಲಿಕ್ ಎನ್ನುವ ಪುಟ್ಟ ತಡೆ ಇದೆ, ಕೀ ಕೊಡುವಾಗ ಕಿರಕಿರ ಅನ್ನುವುದು ಅದೇ. ಪಟ್ಟಿ ಪೂರ್ತಿ ಸುತ್ತಿಕೊಂಡ ಮೇಲೆ ಕೀ ಮುಂದೆ ಹೋಗುವುದಿಲ್ಲ, ಅಷ್ಟೇ. ಅಲ್ಲಿಗೆ ನಿಲ್ಲಿಸಿದರೆ ಆಯಿತು. ಬಲವಂತ ಮಾಡದಿದ್ದರೆ "ಕೀ ಜಾಸ್ತಿಯಾಗಿ ಕೆಟ್ಟುಹೋಯಿತು" ಅನ್ನುವುದಕ್ಕೆ ಅರ್ಥವೇ ಇಲ್ಲ.

ಇನ್ನು ಬಿಚ್ಚಿಕೊಳ್ಳುವ ದಾರಿ. ಬ್ಯಾರೆಲ್ ತುಂಬಾ ನಿಧಾನ, ಒಂದು ಸುತ್ತಿಗೆ ಆರೇಳು ಗಂಟೆ ತೆಗೆದುಕೊಳ್ಳುತ್ತದೆ. ಅದು ಸೆಂಟರ್ ವೀಲನ್ನು ತಿರುಗಿಸುತ್ತದೆ, ಅದಕ್ಕೆ ಗಂಟೆಗೆ ಒಂದು ಸುತ್ತು, ನಿಮಿಷದ ಮುಳ್ಳು ಕೂತಿರುವುದು ಅದರ ಅಚ್ಚಿನಲ್ಲಿ. ಅಲ್ಲಿಂದ ಮೂರನೇ ಚಕ್ರ, ಆಮೇಲೆ ನಾಲ್ಕನೇ ಚಕ್ರ, ಅದಕ್ಕೆ ನಿಮಿಷಕ್ಕೆ ಒಂದು ಸುತ್ತು. ಅಲ್ಲಿಂದ ಎಸ್ಕೇಪ್ ವೀಲ್, ನಿಮಿಷಕ್ಕೆ 10 ಸುತ್ತು. ಒಂದೊಂದು ಹೆಜ್ಜೆಗೂ ವೇಗ ಏರುತ್ತದೆ, ಬಲ ಇಳಿಯುತ್ತದೆ. ಬ್ಯಾರೆಲ್ ಹತ್ತಿರ ಬೆರಳಿಗೆ ತಾಗುವಷ್ಟು ಬಲ ಇದ್ದರೆ ಎಸ್ಕೇಪ್ ವೀಲ್ ಹತ್ತಿರ ಉಸಿರು ಬಿಟ್ಟರೆ ನಿಲ್ಲುವಷ್ಟು.

ಎಸ್ಕೇಪ್ ವೀಲಿಗೆ 15 ಹಲ್ಲು. ಅದರ ಪಕ್ಕ ಪ್ಯಾಲೆಟ್ ಫೋರ್ಕ್, ಲಂಗರಿನ ಆಕಾರದ್ದು, ಎರಡು ತುದಿಗೂ ಕೆಂಪು ಕಲ್ಲು. ಒಂದು ಕಲ್ಲು ಹಲ್ಲನ್ನು ತಡೆದು ನಿಲ್ಲಿಸುತ್ತದೆ, ಬ್ಯಾಲೆನ್ಸ್ ವೀಲ್ ಬಂದು ಫೋರ್ಕನ್ನು ತಟ್ಟಿದಾಗ ಬಿಡುತ್ತದೆ, ಹಲ್ಲು ಅರ್ಧ ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಇನ್ನೊಂದು ಕಲ್ಲು ತಡೆಯುತ್ತದೆ. ಒಂದು ಹಲ್ಲಿಗೆ ಎರಡು ಟಿಕ್. 15 ಹಲ್ಲು, ಒಂದು ಸುತ್ತಿಗೆ 30 ಟಿಕ್, ನಿಮಿಷಕ್ಕೆ 10 ಸುತ್ತು, ಅಂದರೆ ನಿಮಿಷಕ್ಕೆ 300, ಸೆಕೆಂಡಿಗೆ 5, ಗಂಟೆಗೆ 18,000. ನಿಮ್ಮ ಜನತಾ ಓಡಬೇಕಾದ ಲೆಕ್ಕ ಇದೇ. ದಿನಕ್ಕೆ 4,32,000 ಟಿಕ್. ಸೆಕೆಂಡಿನ ಮುಳ್ಳನ್ನು ಹತ್ತಿರದಿಂದ ನೋಡಿ, ಅದು ಜಾರಿಕೊಂಡು ಹೋಗುವುದಿಲ್ಲ, ಸೆಕೆಂಡಿಗೆ ಐದು ಸಣ್ಣ ನೆಗೆತ ನೆಗೆಯುತ್ತದೆ.

ಈಗ ನಿಮ್ಮ ಪ್ರಶ್ನೆ. ಚಕ್ರಗಳೆಲ್ಲ ಓಡುವುದಕ್ಕೆ ತುದಿಗಾಲಲ್ಲಿ ನಿಂತಿರುತ್ತವೆ, ಆದರೆ ಬ್ಯಾಲೆನ್ಸ್ ವೀಲ್ ಬಂದು ತಟ್ಟುವವರೆಗೆ ಒಂದು ಹಲ್ಲೂ ಅಲುಗಾಡುವಂತಿಲ್ಲ. ಹಾಗಾಗಿ ವಾಚು ಮುಂದೆ ಓಡುತ್ತಿದ್ದರೆ ಬ್ಯಾಲೆನ್ಸ್ ವೀಲ್ ಬೇಗ ಬೇಗ ಬರುತ್ತಿದೆ. ಅದು ಯಾಕೆ ಬೇಗ ಬರುತ್ತಿದೆ ಅನ್ನುವುದನ್ನು ಹುಡುಕಬೇಕು.

ರಾತ್ರಿಪಾಳಿ

ಮೇಷ್ಟ್ರೇ, ಒಂದು ಡೌಟು. ಮೇನ್ ಸ್ಪ್ರಿಂಗ್ ಬಿಗಿಯಾಗಿದ್ದರೆ ಎಸ್ಕೇಪ್ ವೀಲ್ ಜೋರಾಗಿ ತಳ್ಳುತ್ತದೆ. ಜೋರಾಗಿ ತಳ್ಳಿದರೆ ಬ್ಯಾಲೆನ್ಸ್ ವೀಲ್ ಜೋರಾಗಿ ಹೋಗಿ ಜೋರಾಗಿ ಬರಬೇಕಲ್ವಾ? ಅಂಗಡಿಯವನು ಹೇಳಿದ್ದರಲ್ಲಿ ಏನೋ ಲಾಜಿಕ್ ಇದೆ ಅನಿಸುತ್ತದೆ.

ಮೆಕ್_ಮೇಷ್ಟ್ರು

ಒಳ್ಳೆ ಡೌಟು. ಜೋರಾಗಿ ಹೋಗುತ್ತದೆ ನಿಜ, ಆದರೆ ದೂರವೂ ಹೋಗುತ್ತದೆ. ಮಜ್ಜಿಗೆ ಕಡೆಯುವ ಕಡಗೋಲನ್ನು ನೆನಪಿಸಿಕೊಳ್ಳಿ, ಈ ಕಡೆ ಒಂದಷ್ಟು ತಿರುಗಿ, ನಿಂತು, ಆ ಕಡೆ ಅಷ್ಟೇ ತಿರುಗುತ್ತದೆ. ಬ್ಯಾಲೆನ್ಸ್ ವೀಲ್ ಕೂಡ ಹಾಗೇ ಸುತ್ತು ಹಾಕಿ ವಾಪಸ್ ಬರುವ ಚಕ್ರ, ಒಂದೇ ದಿಕ್ಕಿಗೆ ಉರುಳುವುದಲ್ಲ. ಅದನ್ನು ವಾಪಸ್ ಎಳೆಯುವುದು ಹೇರ್ ಸ್ಪ್ರಿಂಗ್. ಚಕ್ರ ಎಷ್ಟು ದೂರ ಹೋಗಿರುತ್ತದೋ ಅಷ್ಟೇ ಜಾಸ್ತಿ ಬಲದಲ್ಲಿ ಸ್ಪ್ರಿಂಗ್ ಎಳೆಯುತ್ತದೆ. ದೂರ ಹೋದದ್ದಕ್ಕೆ ಬೇಗ ಬರುತ್ತದೆ, ಹತ್ತಿರ ಹೋದದ್ದಕ್ಕೆ ನಿಧಾನವಾಗಿ ಬರುತ್ತದೆ, ಒಟ್ಟು ಹೊತ್ತು ಎರಡಕ್ಕೂ ಒಂದೇ. ಪೂರ್ತಿ ಕೀ ಕೊಟ್ಟಾಗ ಚಕ್ರ ನಡುವಿನಿಂದ 270 ಡಿಗ್ರಿ, 300 ಡಿಗ್ರಿ ಹೋಗುತ್ತದೆ, ಕೀ ಮುಗಿಯುತ್ತಾ ಬಂದಾಗ 200 ಡಿಗ್ರಿ, ಆದರೆ ಹೋಗಿ ಬರುವುದಕ್ಕೆ ಹಿಡಿಯುವ ಹೊತ್ತು ಹೆಚ್ಚು ಕಡಿಮೆ ಬದಲಾಗುವುದಿಲ್ಲ. "ಹೆಚ್ಚು ಕಡಿಮೆ" ಅಂದೆ, ಗಮನಿಸಿ. ನಿಜ ಜಗತ್ತಿನಲ್ಲಿ ಕೆಲವು ಸೆಕೆಂಡು ವ್ಯತ್ಯಾಸ ಇದ್ದೇ ಇರುತ್ತದೆ. 20 ನಿಮಿಷ ಇರುವುದಿಲ್ಲ.

ಈ ಸುರುಳಿ ಸ್ಪ್ರಿಂಗ್ ಕಟ್ಟಿದ ಗಡಿಯಾರವನ್ನು 1675ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗನ್ಸ್ ಲೋಕಕ್ಕೆ ತೋರಿಸಿದ. ಇಂಗ್ಲೆಂಡಿನ ರಾಬರ್ಟ್ ಹುಕ್ "ಅದು ಮೊದಲು ಹೊಳೆದಿದ್ದು ನನಗೆ" ಎಂದು ಜಗಳಕ್ಕೆ ನಿಂತ. ಪಿಯುಸಿಯಲ್ಲಿ ಹುಕ್‌ನ ನಿಯಮ ಓದಿದ್ದೀರಲ್ಲ, ಅದೇ ಹುಕ್, ಎಳೆದಷ್ಟೂ ಬಲ ಜಾಸ್ತಿ ಅನ್ನುವ ನಿಯಮ. ವಾಚು ನಡೆಯುತ್ತಿರುವುದೇ ಆ ಒಂದು ನಿಯಮದ ಮೇಲೆ. ಅದಕ್ಕೂ ಮುಂಚಿನ ಜೇಬು ಗಡಿಯಾರಗಳಿಗೆ ಈ ಸ್ಪ್ರಿಂಗ್ ಇರಲಿಲ್ಲ, ಆಗ ನಿಮ್ಮ ಅಂಗಡಿಯವರ ಮಾತು ಪೂರ್ತಿ ಸರಿ ಇತ್ತು, ಕೀ ಬಿಗಿ ಇದ್ದಾಗ ಗಡಿಯಾರ ಓಡುತ್ತಿತ್ತು, ಸಡಿಲವಾದಾಗ ತೆವಳುತ್ತಿತ್ತು. ಮುನ್ನೂರ ಐವತ್ತು ವರ್ಷ ಹಳೆಯ ಸಲಹೆ ಕೊಟ್ಟಿದ್ದಾರೆ ಪಾಪ.

ಒಂದು ಅಪವಾದ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸರ್ವಿಸ್ ಮಾಡುವಾಗ ಅಳತೆ ನೋಡದೆ ದಪ್ಪ ಮೇನ್ ಸ್ಪ್ರಿಂಗ್ ಹಾಕಿಬಿಟ್ಟರೆ ಬ್ಯಾಲೆನ್ಸ್ ವೀಲ್ ಮಿತಿ ಮೀರಿ ತಿರುಗಿ, ಒಂದು ಸುತ್ತು ಬಂದು ಫೋರ್ಕಿನ ಬೆನ್ನಿಗೆ ಬಡಿಯುತ್ತದೆ. ಬಡಿದು ಹಿಂದೆ ಪುಟಿಯುವುದರಿಂದ ಬೇಗ ವಾಪಸ್ ಬರುತ್ತದೆ, ವಾಚು ಜೋರಾಗಿ ಓಡುತ್ತದೆ. ಆದರೆ ಆಗ ಸದ್ದೇ ಬೇರೆ, ಕುದುರೆ ಓಡಿದ ಹಾಗೆ ಕೇಳುತ್ತದೆ, ಅರ್ಧ ಕೀ ಕೊಟ್ಟರೆ ಸರಿಯಾಗುತ್ತದೆ. ನಿಮ್ಮದು ಅರ್ಧ ಕೀಗೂ ಸರಿಯಾಗಲಿಲ್ಲ ಅಂದಿರಿ. ಹಾಗಾಗಿ ಅದಲ್ಲ.

ಸುಮ್ನಿರಲಾರದವ

ದಾವಣಗೆರೆ ಬಿಸಿಲು ಕಾರಣ ಇರಬಹುದಾ? ನಮ್ಮ ಕಡೆ ಬೇಸಿಗೆಯಲ್ಲಿ ಮನುಷ್ಯರೇ ಸರಿಯಾಗಿ ಓಡುವುದಿಲ್ಲ.

ಮೆಕ್_ಮೇಷ್ಟ್ರು

ಬಿಸಿಲಿಗೆ ಉಲ್ಟಾ ಆಗಬೇಕು. ಮಾಮೂಲಿ ಉಕ್ಕಿನ ಹೇರ್ ಸ್ಪ್ರಿಂಗ್ ಬಿಸಿಯಾದರೆ ಅದರ ಬಿಗಿ ಕಡಿಮೆಯಾಗಿ ವಾಚು ಹಿಂದೆ ಬೀಳುತ್ತದೆ. ಇದೇ ತಲೆನೋವಿಗೆ ಸ್ವಿಸ್ ವಿಜ್ಞಾನಿ ಶಾರ್ಲ್ ಗಿಯೋಮ್ ನಿಕಲ್ ಬೆರೆಸಿದ ಉಕ್ಕು ಮಾಡಿದ, ಬಿಸಿ ತಂಪಿಗೆ ಅಷ್ಟಾಗಿ ಜಗ್ಗದ ಲೋಹ. ಅದಕ್ಕೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಐನ್‌ಸ್ಟೈನ್‌ಗಿಂತ ಒಂದು ವರ್ಷ ಮುಂಚೆ!

ಹಳೇಮಷೀನ್_ತುಮಕೂರು

ಈಗ ನೋಡಿದೆ ಈ ಚರ್ಚೆ. ನಾನು ರಿಪೇರಿ ಟೇಬಲ್ ಮುಂದೆ ಕೂತು ಕೆಲಸ ಮಾಡುವವನು, ಮೇಷ್ಟ್ರ ಹಾಗೆ ಲೆಕ್ಕ ಬರುವುದಿಲ್ಲ, ಆದರೆ ಈ ಕಾಯಿಲೆ ಚೆನ್ನಾಗಿ ಗೊತ್ತು.

ಸರ್ವಿಸ್‌ನಿಂದ ಬಂದ ವಾಚು ಹತ್ತು ನಿಮಿಷ, ಇಪ್ಪತ್ತು ನಿಮಿಷ ಮುಂದೆ ಓಡಿದರೆ ಮೊದಲು ನೋಡುವುದು ಹೇರ್ ಸ್ಪ್ರಿಂಗ್. ಅದು ಕೂದಲಿಗಿಂತ ತೆಳುವಾದ ಪಟ್ಟಿ, ಹತ್ತು ಹನ್ನೆರಡು ಸುತ್ತು ಇರುತ್ತದೆ, ಸುತ್ತು ಸುತ್ತಿನ ನಡುವೆ ಸಮನಾದ ಸಂದು. ವಾಚು ಓಡುವಾಗ ಆ ಸುರುಳಿ ಅರಳುತ್ತದೆ, ಮುದುಡುತ್ತದೆ. ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡರೆ ಅಷ್ಟು ಭಾಗ ಕೆಲಸ ಮಾಡುವುದಿಲ್ಲ. ಸ್ಪ್ರಿಂಗ್ ಗಿಡ್ಡವಾದ ಹಾಗೆ. ಗಿಡ್ಡ ಸ್ಪ್ರಿಂಗ್ ಬಿಗಿ ಜಾಸ್ತಿ, ಬೇಗ ಎಳೆಯುತ್ತದೆ, ವಾಚು ಓಡುತ್ತದೆ.

ಮೇಲೆ ಶಿರಸಿಯವರು ಹೇಳಿದ ಕಡ್ಡಿ ಮಾಡುವುದೂ ಇದನ್ನೇ. ಕಡ್ಡಿಯ ಕೆಳಗೆ ಎರಡು ಸಣ್ಣ ಪಿನ್ ಇದೆ, ಹೇರ್ ಸ್ಪ್ರಿಂಗ್‌ನ ಹೊರಸುತ್ತು ಅವೆರಡರ ನಡುವೆ ಹಾದು ಹೋಗುತ್ತದೆ. ಕಡ್ಡಿ ತಳ್ಳಿದಾಗ ಪಿನ್ ಜರುಗಿ ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಅಂಟಿಕೊಂಡ ಸ್ಪ್ರಿಂಗ್ ಇಟ್ಟುಕೊಂಡು ಕಡ್ಡಿಯನ್ನು ಕೊನೆಯವರೆಗೆ ತಳ್ಳಿದರೂ ಉಪಯೋಗ ಇಲ್ಲ, ನಾಳೆ ಅಂಟು ಬಿಟ್ಟರೆ ವಾಚು ಹಿಂದೆ ಬೀಳುತ್ತದೆ.

ಅಂಟಿಕೊಳ್ಳುವುದಕ್ಕೆ ಹೆಚ್ಚಾಗಿ ಎರಡು ಕಾರಣ. ಒಂದು ಮ್ಯಾಗ್ನೆಟ್, ಒಂದು ಎಣ್ಣೆ. ಸ್ಪೀಕರ್ ಮೇಲೆ ಇಟ್ಟರೆ, ಮ್ಯಾಗ್ನೆಟ್ ಇರುವ ಫೋನ್ ಕವರ್ ಪಕ್ಕ ಇಟ್ಟರೆ, ವ್ಯಾನಿಟಿ ಬ್ಯಾಗಿನ ಬಟನ್ ಹತ್ತಿರ ಇದ್ದರೆ ಸಾಕು, ಸ್ಪ್ರಿಂಗ್‌ಗೆ ಮ್ಯಾಗ್ನೆಟ್ ಹಿಡಿಯುತ್ತದೆ. ಕಂಡುಹಿಡಿಯುವುದು ಸುಲಭ. ಮಕ್ಕಳ ಜಾಮಿಟ್ರಿ ಬಾಕ್ಸಿನ ಜೊತೆ ಬರುತ್ತದಲ್ಲ, ಮುಳ್ಳು ಇರುವ ಸಣ್ಣ ದಿಕ್ಸೂಚಿ, ಅದನ್ನು ಟೇಬಲ್ ಮೇಲೆ ಇಡಿ. ಮುಳ್ಳು ನಿಂತ ಮೇಲೆ ಓಡುತ್ತಿರುವ ವಾಚನ್ನು ನಿಧಾನವಾಗಿ ಹತ್ತಿರ ತನ್ನಿ, ಬ್ಯಾಲೆನ್ಸ್ ಇರುವ ಕಡೆ ಮುಳ್ಳಿನ ಪಕ್ಕಕ್ಕೆ. ಮುಳ್ಳು ಗಡಗಡ ನಡುಗಿದರೆ ಮ್ಯಾಗ್ನೆಟ್ ಹಿಡಿದಿದೆ. ಫೋನಿನ ಆ್ಯಪ್ ಬೇಡ, ಫೋನಿನಲ್ಲೇ ಮ್ಯಾಗ್ನೆಟ್ ಇದೆ.

ನಡುಗದಿದ್ದರೆ ಎಣ್ಣೆ. ಹಿಂದಿನ ಮುಚ್ಚಳ ತೆಗೆದು ಫೋಟೋ ಹಾಕಿ. ಒಳಗೆ ಏನನ್ನೂ ಮುಟ್ಟಬೇಡಿ.

ಮೆಕ್_ಮೇಷ್ಟ್ರು

ಇದು ಲೆಕ್ಕಕ್ಕೂ ಸರಿ ಹೊಂದುತ್ತದೆ. 20 ನಿಮಿಷ ಅಂದರೆ 1,200 ಸೆಕೆಂಡು. ದಿನಕ್ಕೆ 86,400 ಸೆಕೆಂಡು. ಅಂದರೆ ಶೇ 1.4ರಷ್ಟು ವೇಗ ಜಾಸ್ತಿ. ಹೋಗಿ ಬರುವ ಹೊತ್ತು ಸ್ಪ್ರಿಂಗ್ ಉದ್ದದ ವರ್ಗಮೂಲದ ಜೊತೆ ಬದಲಾಗುತ್ತದೆ, ಹಾಗಾಗಿ ಉದ್ದ ಶೇ 2.7 ಕಡಿಮೆಯಾದರೆ ಸಾಕು. ಸ್ಪ್ರಿಂಗ್ ಬಿಡಿಸಿದರೆ 100 ಮಿಲಿಮೀಟರ್ ಇದೆ ಅಂದುಕೊಳ್ಳಿ, ಬರೀ 2.7 ಮಿಲಿಮೀಟರ್ ಅಂಟಿಕೊಂಡರೆ ನಿಮ್ಮ 20 ನಿಮಿಷ ಬಂತು. ಒಂದು ಅಕ್ಕಿಕಾಳಿನ ಅರ್ಧ.

ಶಿರಸಿ_ಅಡಿಕೆ

ಆಯ್ತಪ್ಪ, ಕಡ್ಡಿ ಮಾತು ವಾಪಸ್. ಒಂದು ವಿಷಯ ಕೇಳುತ್ತೇನೆ, ಈ 17 ಜ್ಯುವೆಲ್ಸ್ ಅಂದರೆ ನಿಜವಾದ ರತ್ನವಾ? ನಮ್ಮೂರಿನಲ್ಲಿ ಒಬ್ಬರು ಅದನ್ನು ಮಾರಬಹುದು ಅಂತ ಹಳೇ ವಾಚುಗಳನ್ನೆಲ್ಲ ಬಿಚ್ಚಿ ಕೂತಿದ್ದರು.

ಹಳೇಮಷೀನ್_ತುಮಕೂರು

ಮಾಣಿಕ್ಯವೇ, ಆದರೆ ಕಾರ್ಖಾನೆಯಲ್ಲಿ ಮಾಡಿದ್ದು. ಬೆಲೆ ಏನೂ ಬರುವುದಿಲ್ಲ, ವಾಚಿನ ಪ್ರಾಣ ಮಾತ್ರ ಅದರಲ್ಲೇ ಇದೆ. ಉಕ್ಕಿನ ಅಚ್ಚು ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆದು ಅಗಲವಾಗುತ್ತದೆ. ಕಲ್ಲಿನ ತೂತು ಸವೆಯುವುದಿಲ್ಲ, ನುಣುಪಾಗಿರುತ್ತದೆ, ಹನಿ ಎಣ್ಣೆ ಅಲ್ಲೇ ನಿಲ್ಲುತ್ತದೆ.

17 ಹೇಗೆ ಅಂತ ಎಣಿಸಿ. ಸೆಂಟರ್ ವೀಲ್, ಮೂರನೇದು, ನಾಲ್ಕನೇದು, ಎಸ್ಕೇಪ್ ವೀಲ್, ಪ್ಯಾಲೆಟ್ ಫೋರ್ಕ್, ಈ ಐದಕ್ಕೂ ಮೇಲೊಂದು ಕೆಳಗೊಂದು, ಹತ್ತಾಯಿತು. ಫೋರ್ಕಿನ ಎರಡು ತುದಿಗೆ ಎರಡು, ಹನ್ನೆರಡು. ಬ್ಯಾಲೆನ್ಸ್‌ಗೆ ಮೇಲೆ ಎರಡು ಕೆಳಗೆ ಎರಡು, ಹದಿನಾರು. ಬ್ಯಾಲೆನ್ಸ್ ಫೋರ್ಕನ್ನು ತಟ್ಟುವ ಕಲ್ಲು ಒಂದು, ಹದಿನೇಳು. ಬ್ಯಾಲೆನ್ಸ್‌ಗೆ ಮಾತ್ರ ಎರಡೆರಡು ಯಾಕೆ ಅಂದರೆ, ಒಂದರಲ್ಲಿ ತೂತು, ಅದರ ಮೇಲೆ ಮುಚ್ಚಳದ ಹಾಗೆ ಇನ್ನೊಂದು ಚಪ್ಪಟೆ ಕಲ್ಲು. ಅಚ್ಚಿನ ತುದಿ ಸುಮಾರು 0.1 ಮಿಲಿಮೀಟರ್, ಸ್ವಲ್ಪ ಏಟು ಬಿದ್ದರೆ ಮುರಿಯುತ್ತದೆ. ಅದಕ್ಕೇ ಆ ಕಲ್ಲುಗಳನ್ನು ಪುಟ್ಟ ಸ್ಪ್ರಿಂಗ್ ಹಿಡಿದಿರುತ್ತದೆ, ವಾಚು ಕೆಳಗೆ ಬಿದ್ದಾಗ ಕಲ್ಲು ಸ್ವಲ್ಪ ಸರಿದು ವಾಪಸ್ ಬರುತ್ತದೆ. ಡಯಲ್ ಮೇಲೆ ಪ್ಯಾರಾ ಶಾಕ್ ಅಂತ ಬರೆದಿರುವುದು ಅದನ್ನೇ.

ಮೆಕ್_ಮೇಷ್ಟ್ರು

ಸೇರಿಸುತ್ತೇನೆ: ಮಾಣಿಕ್ಯ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕೆಂಪು ಬರುವುದು ಚಿಟಿಕೆ ಕ್ರೋಮಿಯಂನಿಂದ. ಫ್ರಾನ್ಸಿನ ವೆರ್ನೂಯ್ 1902ರಲ್ಲಿ ಅದರ ಪುಡಿಯನ್ನು ಉರಿಯಲ್ಲಿ ಕರಗಿಸಿ ಹರಳು ಬೆಳೆಸುವ ವಿಧಾನ ಪ್ರಕಟಿಸಿದ. ಆಮೇಲೆ ವಾಚಿನ ಕಲ್ಲು ಅಗ್ಗವಾಯಿತು. ಜನಸಾಮಾನ್ಯರ ವಾಚಿಗೆ 17 ಕಲ್ಲು ಹಾಕುವುದು ಸಾಧ್ಯವಾಗಿದ್ದು ಅದರಿಂದಲೇ.

ಬೆಣ್ಣೆದೋಸೆ77

ದಿಕ್ಸೂಚಿ ಪರೀಕ್ಷೆ ಮಾಡಿದೆ. ಪಕ್ಕದ ಮನೆ ಹುಡುಗನದ್ದು ತಂದೆ. ಮುಳ್ಳು ಒಂದಿಷ್ಟೂ ನಡುಗಲಿಲ್ಲ. ವಾಚನ್ನು ಸುತ್ತ ಎಲ್ಲ ಕಡೆಯಿಂದ ತಂದು ನೋಡಿದೆ, ನಿಂತ ಹಾಗೇ ನಿಂತಿತ್ತು.

ಆಮೇಲೆ ಹಿಂದಿನ ಮುಚ್ಚಳ ತೆಗೆದೆ. ಫೋನ್ ಕ್ಯಾಮೆರಾಗೆ ಲೆನ್ಸ್ ಹಿಡಿದು ಸ್ಲೋ ಮೋಷನ್ ವಿಡಿಯೋ ಮಾಡಿದೆ, ಒಂದು ಚಿತ್ರ ಹಾಕಿದ್ದೇನೆ ನೋಡಿ. ಸುರುಳಿ ಒಂದು ಕಡೆ ಚೆನ್ನಾಗಿ ಬಿಡಿಬಿಡಿಯಾಗಿ ಅರಳುತ್ತದೆ. ಇನ್ನೊಂದು ಕಡೆ, ಕಡ್ಡಿಯ ಎದುರಿಗೆ, ಎರಡು ಗೆರೆ ಸೇರಿ ಒಂದೇ ದಪ್ಪ ಗೆರೆಯ ಹಾಗೆ ಕಾಣುತ್ತದೆ. ಚಕ್ರ ಎಷ್ಟು ತಿರುಗಿದರೂ ಆ ಎರಡು ಬಿಡಿಸಿಕೊಳ್ಳುವುದಿಲ್ಲ. ಬ್ಯಾಲೆನ್ಸ್ ವೀಲಿನ ಅಂಚು, ಅದರ ಕೆಳಗಿನ ಪ್ಲೇಟು ಎಲ್ಲ ಪಳಪಳ ಹೊಳೆಯುತ್ತಿದೆ. ಹೊಸದಾಗಿ ಕ್ಲೀನ್ ಮಾಡಿದ್ದಾರೆ ಅಂತ ಖುಷಿಪಟ್ಟಿದ್ದೆ.

ಹಳೇಮಷೀನ್_ತುಮಕೂರು

ಹೊಳೆಯುತ್ತಿರುವುದು ಎಣ್ಣೆ ಸ್ವಾಮಿ. ಅವರು ಬಿಚ್ಚಿಯೇ ಇಲ್ಲ. ಮುಚ್ಚಳ ತೆಗೆದು, ಸೂಜಿಯಲ್ಲಿ ಕಂಡ ಕಂಡ ಕಡೆ ಎಣ್ಣೆ ಬಿಟ್ಟು ಮುಚ್ಚಿದ್ದಾರೆ. ಸ್ವಲ್ಪ ದಿನ ವಾಚು ಹಗುರವಾಗಿ ಓಡುತ್ತದೆ, ಗಿರಾಕಿ ಸಂತೋಷ. ಆಮೇಲೆ ಆ ಎಣ್ಣೆ ಹರಿದು ಸ್ಪ್ರಿಂಗ್‌ಗೆ ಹತ್ತುತ್ತದೆ.

ವಾಚಿಗೆ ಎಣ್ಣೆ ಹಾಕುವುದು ಅಂದರೆ ಹನಿ ಅಲ್ಲ, ಹನಿಯ ಚೂರು. ಎಣ್ಣೆ ಕಡ್ಡಿಯ ತುದಿಯನ್ನು ಅದ್ದಿ ಕಲ್ಲಿನ ಬಟ್ಟಲಿಗೆ ಮುಟ್ಟಿಸಿದರೆ ಸಾಕು, ಅದೇ ಎಳೆದುಕೊಳ್ಳುತ್ತದೆ. ಬಟ್ಟಲು ಅರ್ಧ ತುಂಬಿದರೆ ಸರಿ, ಪೂರ್ತಿ ತುಂಬಿದರೆ ಹೊರಗೆ ಹರಿದು ಬಟ್ಟಲೇ ಒಣಗುತ್ತದೆ. ವೇಗದ ಚಕ್ರಗಳಿಗೆ ತೆಳು ಎಣ್ಣೆ, ಬ್ಯಾರೆಲ್ ಕಡೆಯ ನಿಧಾನದ ಚಕ್ರಗಳಿಗೆ ದಪ್ಪ ಎಣ್ಣೆ, ಮೇನ್ ಸ್ಪ್ರಿಂಗ್‌ಗೆ ಗ್ರೀಸ್. ಫೋರ್ಕಿನ ಅಚ್ಚಿಗೆ ಎಣ್ಣೆಯೇ ಇಲ್ಲ, ಅದು ಅಷ್ಟು ಹಗುರ, ಎಣ್ಣೆ ಹಾಕಿದರೆ ಅಂಟಿಗೇ ನಿಧಾನವಾಗುತ್ತದೆ. ಹೇರ್ ಸ್ಪ್ರಿಂಗ್‌ಗೆ ಅಂತೂ ಯಾವ ಕಾಲಕ್ಕೂ ಎಣ್ಣೆ ಇಲ್ಲ. ಹೊಲಿಗೆ ಮಷೀನಿನ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ.

ಬೆಣ್ಣೆದೋಸೆ77

ಮನೆಯಲ್ಲಿ ನಾನೇ ತೊಳೆಯಬಹುದಾ? ಮೆಡಿಕಲ್ ಶಾಪಿನ ಸ್ಪಿರಿಟ್ ಇದೆ.

ಹಳೇಮಷೀನ್_ತುಮಕೂರು

ಖಂಡಿತ ಬೇಡ. ಎರಡು ಕಾರಣ ಹೇಳುತ್ತೇನೆ.

ಮೊದಲನೆಯದು, ಸ್ಪಿರಿಟ್. ಫೋರ್ಕಿನ ಎರಡು ಕಲ್ಲು, ಬ್ಯಾಲೆನ್ಸ್ ಕೆಳಗಿನ ತಟ್ಟುವ ಕಲ್ಲು, ಇವನ್ನು ಹಿಡಿದಿರುವುದು ಅರಗು. ಸೋಜಿಗ ಅನಿಸಬಹುದು, ಸ್ವಿಟ್ಜರ್ಲೆಂಡಿನ ಲಕ್ಷಾಂತರ ರೂಪಾಯಿಯ ವಾಚಿನಲ್ಲೂ ಅದೇ ಅರಗು, ಮರದ ಮೇಲೆ ಹುಳು ಕಟ್ಟುವ ಅರಗು. ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ. ನೆನೆಹಾಕಿದರೆ ಕಲ್ಲು ಕಳಚಿ ಬೀಳುತ್ತದೆ, ಆಮೇಲೆ ಅದನ್ನು ಸರಿಯಾದ ಆಳಕ್ಕೆ ಕೂರಿಸುವುದು ದೊಡ್ಡ ಕೆಲಸ. ನಾವು ಪೆಟ್ರೋಲ್ ಅಥವಾ ನಾಫ್ತಾ ಬಳಸುತ್ತೇವೆ, ಅದಕ್ಕೆ ಅರಗು ಕರಗುವುದಿಲ್ಲ.

ಎರಡನೆಯದು, ಒಳಗಿನ ಬಿಗಿ. ಮೇನ್ ಸ್ಪ್ರಿಂಗ್ ಸುತ್ತಿರುವಾಗ ಫೋರ್ಕ್ ಬಿಚ್ಚಿದರೆ ತಡೆಯುವವರೇ ಇಲ್ಲ, ಚಕ್ರಗಳೆಲ್ಲ ಸರ್ರನೆ ಗಿರಗಿರ ತಿರುಗಿ ಹಲ್ಲು, ಅಚ್ಚಿನ ತುದಿ ಮುರಿದುಕೊಳ್ಳುತ್ತವೆ. ಮೊದಲು ಕೀ ಹಿಡಿದುಕೊಂಡು, ಕ್ಲಿಕ್ಕನ್ನು ಮೆಲ್ಲಗೆ ಸರಿಸಿ, ಬೆರಳಲ್ಲಿ ತಡೆಯುತ್ತಾ ಬಿಗಿ ಪೂರ್ತಿ ಇಳಿಸಬೇಕು. ಕೈ ಜಾರಿದರೆ ಮುಗಿಯಿತು.

ಪೂರ್ತಿ ಬಿಚ್ಚಿ ತೊಳೆಯುವವರನ್ನು ಹುಡುಕಿ. ಹೇಗೆ ಗೊತ್ತಾಗುತ್ತದೆ ಅಂದರೆ, ಹತ್ತು ನಿಮಿಷ ಕೂತಿರಿ ಮಾಡಿಕೊಡ್ತೀನಿ ಅಂದರೆ ಎದ್ದು ಬನ್ನಿ. ನಾಲ್ಕು ದಿನ ಬಿಟ್ಟು ಬನ್ನಿ ಅಂದರೆ ಕೊಡಿ.

ಸುಮ್ನಿರಲಾರದವ

ಬೈಯಬೇಡಿ, ಕೇಳುತ್ತೇನೆ. ಫುಟ್‌ಪಾತಿನಲ್ಲಿ ಇನ್ನೂರು ರೂಪಾಯಿಗೆ ಕ್ವಾರ್ಟ್ಜ್ ವಾಚು ಸಿಗುತ್ತದೆ. ಅದರ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ, ನಿಮ್ಮದು ಐದು ಟಿಕ್. ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡು ವ್ಯತ್ಯಾಸ ಆದರೆ ಜಾಸ್ತಿ. ಇಷ್ಟೆಲ್ಲ ಎಣ್ಣೆ, ಅರಗು, ಪೆಟ್ರೋಲ್ ಯಾಕೆ?

ರಾತ್ರಿಪಾಳಿ

ಸೆಲ್ ಮುಗಿದಾಗ ಅದು ಕಪ್ಪು ಡಬ್ಬಿ. ಇದನ್ನು ಬಿಚ್ಚಿದರೆ ಯಾವುದು ಯಾವುದನ್ನು ತಳ್ಳುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ನನಗೆ ಅಷ್ಟು ಸಾಕು.

ಹಳೇಮಷೀನ್_ತುಮಕೂರು

ಅವರು ಹೇಳಿದ್ದು ತಪ್ಪೇನಲ್ಲ. ಎಚ್‌ಎಂಟಿಯನ್ನು ಹೊಡೆದಿದ್ದೇ ಅದು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನ ಫ್ಯಾಕ್ಟರಿ, ಆಮೇಲೆ ನಮ್ಮ ತುಮಕೂರಿನದ್ದು. ಒಂದು ಕಾಲದಲ್ಲಿ ವಾಚು ಬೇಕು ಅಂದರೆ ಎಚ್‌ಎಂಟಿಗೆ ಕಾಯಬೇಕಿತ್ತು. ಎಚ್‌ಎಂಟಿ ಕೂಡ ಕ್ವಾರ್ಟ್ಜ್ ಮಾಡಿತು, ಆದರೆ ಮನಸ್ಸು ಕೀ ಕೊಡುವ ವಾಚಿನಲ್ಲೇ ಇತ್ತು. ಎಂಬತ್ತರ ದಶಕದ ಕೊನೆಗೆ ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ವಾಚು ಬಂದಾಗ ಮದುವೆಗೆ ಕೊಡುವ ವಾಚೇ ಬದಲಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಆದರೂ ಹಳೇ ವಾಚಿಗೆ ಒಂದು ಅನುಕೂಲ ಇದೆ, ಆ ಮಷೀನ್ ಎಷ್ಟು ಮಾಡಿದ್ದಾರೆ ಅಂದರೆ ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಸತ್ತ ವಾಚಿನಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತೇವೆ.

ರಾತ್ರಿಪಾಳಿ

ಆನ್‌ಲೈನ್‌ನಲ್ಲಿ ಬಣ್ಣ ಬಣ್ಣದ ಡಯಲ್ ಇರುವ ಎಚ್‌ಎಂಟಿ ಪೈಲಟ್ ಕಾಣಿಸುತ್ತದಲ್ಲ, ಹಸಿರು, ಕಿತ್ತಳೆ. ಅವು ಒರಿಜಿನಲ್ಲಾ?

ಹಳೇಮಷೀನ್_ತುಮಕೂರು

ಮಷೀನ್ ಒರಿಜಿನಲ್ ಇರಬಹುದು, ಡಯಲ್ ಹೊಸದಾಗಿ ಪ್ರಿಂಟ್ ಮಾಡಿದ್ದು. ಬಾಂಬೆ ವಾಚು ಅಂತೀವಿ. ಕಡಿಮೆ ಬೆಲೆಗೆ ಹಾಕಿಕೊಂಡು ಓಡಾಡಲು ಪರವಾಗಿಲ್ಲ, ಹಳೇ ಸ್ಟಾಕು ಎಂದು ನಂಬಿ ದುಡ್ಡು ಸುರಿಯಬೇಡಿ. ಡಯಲ್ ಫಳಫಳ ಹೊಳೆಯುತ್ತಾ ಒಳಗೆ ಸ್ಕ್ರೂ ತಲೆಗಳೆಲ್ಲ ಕಿತ್ತುಹೋಗಿದ್ದರೆ ಗೊತ್ತಾಗುತ್ತದೆ.

ಬೆಣ್ಣೆದೋಸೆ77

ಅಪ್‌ಡೇಟ್. ಬೇರೆ ಒಬ್ಬರ ಹತ್ತಿರ ಕೊಟ್ಟೆ, ವಯಸ್ಸಾದವರು. ಒಂದು ವಾರ ಬಿಟ್ಟು ಬಾ ಅಂದರು, ಆಗಲೇ ನಂಬಿಕೆ ಬಂತು. ಪೂರ್ತಿ ಬಿಚ್ಚಿ ತೊಳೆದಿದ್ದಾರೆ. ಬ್ಯಾಲೆನ್ಸನ್ನು ಚಿಮುಟದಲ್ಲಿ ಹಿಡಿದು ಪೆಟ್ರೋಲಿನಲ್ಲಿ ಅದ್ದಿ ತೆಗೆದು, ರಬ್ಬರ್ ಬಲೂನಿನಲ್ಲಿ ಗಾಳಿ ಊದಿ ಒಣಗಿಸುವುದನ್ನು ನನಗೆ ತೋರಿಸಿದರು. ಸುರುಳಿ ಈಗ ಎಲ್ಲ ಕಡೆ ಬಿಡಿಬಿಡಿಯಾಗಿ ಅರಳುತ್ತಿದೆ. 20 ನಿಮಿಷ ಹೋಯಿತು, ಈಗ ದಿನಕ್ಕೆ ಅರ್ಧ ನಿಮಿಷದ ಒಳಗೆ ಇದೆ.

ಆದರೆ ಇನ್ನೊಂದು ವಿಷಯ. ಫೋನಿಗೆ ಟೈಮ್‌ಗ್ರಾಫರ್ ಆ್ಯಪ್, ಅಂದರೆ ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಆ್ಯಪ್ ಹಾಕಿ ಮೈಕ್ ಪಕ್ಕ ವಾಚು ಇಟ್ಟು ನೋಡಿದೆ. 18,000 ಅಂತ ಸರಿಯಾಗಿ ಹಿಡಿಯಿತು. ಆ್ಯಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ವೀಲ್ ನಡುವಿನಿಂದ ಹೋಗುವ ದೂರ, ಮಾತ್ರ 190 ಡಿಗ್ರಿ ತೋರಿಸುತ್ತಿದೆ, ಪೂರ್ತಿ ಕೀ ಕೊಟ್ಟ ಮೇಲೂ. ಮೇಷ್ಟ್ರು 270 ಅಂದಿದ್ದರು. ಜೊತೆಗೆ ರಾತ್ರಿ ತೆಗೆದಿಟ್ಟು ಸಂಜೆವರೆಗೆ ಕೀ ಕೊಡದಿದ್ದರೆ ನಿಂತುಹೋಗುತ್ತದೆ.

ಮೆಕ್_ಮೇಷ್ಟ್ರು

ಆ ಆ್ಯಪ್ ಟಿಕ್‌ನೊಳಗಿನ ಸಣ್ಣ ಸದ್ದುಗಳನ್ನು ಬಿಡಿಸಿ ಕೇಳುತ್ತದೆ. ಒಂದು ಟಿಕ್ ಅಂದರೆ ಒಂದೇ ಸದ್ದಲ್ಲ: ಕಲ್ಲು ಫೋರ್ಕನ್ನು ತಟ್ಟುವುದು, ಹಲ್ಲು ಕಲ್ಲನ್ನು ತಳ್ಳುವುದು, ಮುಂದಿನ ಹಲ್ಲು ಬಂದು ಬೀಳುವುದು. ಮೊದಲ ಸದ್ದಿಗೂ ಕೊನೆ ಸದ್ದಿಗೂ ನಡುವಿನ ಹೊತ್ತು ನೋಡಿ ಚಕ್ರ ಎಷ್ಟು ವೇಗದಲ್ಲಿ ಬಂತು, ಎಷ್ಟು ದೂರ ಹೋಗಿತ್ತು ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಲಿಫ್ಟ್ ಆ್ಯಂಗಲ್ ಅನ್ನುವ ಸಂಖ್ಯೆ, ಅಂದರೆ ಒಂದು ಟಿಕ್‌ನಲ್ಲಿ ಫೋರ್ಕ್ ತಾಗಿಕೊಂಡಿರುವಾಗ ಚಕ್ರ ತಿರುಗುವ ಡಿಗ್ರಿ, ಸರಿಯಾಗಿ ಕೊಟ್ಟಿರಬೇಕು, ಆ್ಯಪ್ ತಾನಾಗಿ 52 ಇಟ್ಟುಕೊಂಡಿರುತ್ತದೆ. ಫೋನ್ ಮೈಕ್ ಸದ್ದು ತಪ್ಪಾಗಿ ಹಿಡಿಯುವುದೂ ಇದೆ. ಆದರೆ ಒಂದು ದಿನವೂ ಓಡುವುದಿಲ್ಲ ಅಂದರೆ ಸಂಖ್ಯೆ ಸುಳ್ಳಲ್ಲ, ಬಲ ನಿಜಕ್ಕೂ ಕಡಿಮೆ ಇದೆ. ಕೈಗಡಿಯಾರದ ಮೇನ್ ಸ್ಪ್ರಿಂಗ್ ಪೂರ್ತಿ ಕೀಗೆ ಒಂದೂವರೆ ದಿನವಾದರೂ ಓಡಬೇಕು.

ನೋಡಿ, ಬಲ ಇಷ್ಟು ಕಡಿಮೆ ಇದ್ದರೂ ಟೈಮ್ ಸರಿ ತೋರಿಸುತ್ತಿದೆ. ಮೊದಲು ಹೇಳಿದ ಎರಡು ಸ್ಪ್ರಿಂಗ್ ಬೇರೆ ಬೇರೆ ಅನ್ನುವುದಕ್ಕೆ ನಿಮ್ಮ ವಾಚೇ ಸಾಕ್ಷಿ.

ಹಳೇಮಷೀನ್_ತುಮಕೂರು

ಮೇನ್ ಸ್ಪ್ರಿಂಗ್ ಸೋತಿದೆ. ಹಳೇ ಉಕ್ಕಿನ ಪಟ್ಟಿ ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದರೆ ಹಾಗೇ ಕೂತುಬಿಡುತ್ತದೆ, ಡಬ್ಬಿಯಿಂದ ತೆಗೆದರೆ ಅಗಲವಾಗಿ ಬಿಚ್ಚಿಕೊಳ್ಳುವುದಿಲ್ಲ. ಒಳ್ಳೆ ಸ್ಪ್ರಿಂಗ್ ಹೊರಗೆ ಬಂದಾಗ ಎಸ್ ಆಕಾರಕ್ಕೆ ಹಿಂದಕ್ಕೆ ಬಾಗುತ್ತದೆ. ಹೊಸದು ಹಾಕಿಸಿ. ಆದರೆ ಅಂಗಡಿಯಲ್ಲಿ ಇರುವುದನ್ನು ಹಾಕಿಸಿಕೊಳ್ಳಬೇಡಿ, ಅಗಲ, ದಪ್ಪ, ಉದ್ದ ಮೂರೂ ಅಳತೆ ಸರಿ ಬೇಕು. ದಪ್ಪ ಸ್ವಲ್ಪ ಜಾಸ್ತಿಯಾದರೂ ಮೇಷ್ಟ್ರು ಹೇಳಿದ ಕುದುರೆ ಸದ್ದು ಶುರುವಾಗುತ್ತದೆ. ಬ್ಯಾಲೆನ್ಸ್ ವೀಲ್ ಹತ್ತಿರ ಪ್ಲೇಟಿನ ಮೇಲೆ ಒಂದು ನಂಬರ್ ಕೆತ್ತಿರುತ್ತದೆ, ಅದನ್ನು ನೋಡಿ ಹೇಳಿ.

ಬೆಣ್ಣೆದೋಸೆ77

0231 ಅಂತಿದೆ ಸರ್.

ಹಳೇಮಷೀನ್_ತುಮಕೂರು

ಸಿಗುತ್ತದೆ. ಅದೇ ನಂಬರಿನದ್ದು ಕೇಳಿ, ಹಳೇ ಸ್ಪ್ರಿಂಗನ್ನೂ ವಾಪಸ್ ಇಸ್ಕೊಳ್ಳಿ, ಪಕ್ಕಪಕ್ಕ ಇಟ್ಟು ಅಗಲ ನೋಡಬಹುದು. ಹಾಕಿದ ಮೇಲೆ ಆ್ಯಪ್‌ನಲ್ಲಿ 250 ದಾಟಿದರೆ ಈ ವಯಸ್ಸಿನ ವಾಚಿಗೆ ಅದು ಧಾರಾಳ, 300 ಬರಲಿಲ್ಲ ಅಂತ ಅವರ ತಲೆ ತಿನ್ನಬೇಡಿ.